ಒಂದೊಂದೇ ಮರಿ ಬಿಡಬೇಕು

ಗಿರಣಿಗೆ ಹೋದ ಸಿದ್ದಿ ಬರಿಗೈಯಲ್ಲಿ ಓಡಿ ಬಂದಳು. ನಾನು ಒಲೆಯ ಮೇಲೆ ಹಂಚು ಇಟ್ಟುಕೊಂಡು ಹಿಟ್ಟಿಗಾಗಿ ಕಾಯುತ್ತಿದ್ದೆ.

“ಹಿಟ್ಟಿನ ಡಬ್ಬಿ ಎಲ್ಲಿ ಅದ?”

“ಅವ್ವ, ಗಿರಣಿ ಪಟ್ಟಾ ಹರಿದಿತ್ತು. ಯುನುಸ ಕಾಕಾ ಅದನ್ನ ಹ್ಯಾಂಗ ಜೋಡಿಸಿದ್ರು ಗೊತ್ತಾ?”

ಪಟ್ಟಾ ಜೋಡಿಸಿದ್ದನ್ನು ಕೈ ತಿರುಗಿಸಿ ತೋರಿಸಿದಳು. ಡಬ್ಬಿ ಗಿರಣಿಯಲ್ಲೇ ಉಳಿದಿತ್ತು. ಚಪ್ಪಲಿಯೂ ಅಲ್ಲೇ.

ನಮ್ಮೂರು ಭಾತಂಬ್ರಾ. ಸಿದ್ದೇಶ್ವರಿ ನನ್ನ ಮಗಳು, ನಾಲ್ಕನೇ ತರಗತಿ. ಕೂತಲ್ಲಿ ಕೂಡುವುದಿಲ್ಲ. ಶಾಲೆಯಲ್ಲಿ ಪಕ್ಕದವರ ಪೆನ್ಸಿಲ್ ಎಳೆಯುತ್ತಾಳೆ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುತ್ತಾಳೆ, ಬರೆಯಲು ಹಿಡಿದದ್ದನ್ನು ಅರ್ಧಕ್ಕೆ ಬಿಡುತ್ತಾಳೆ. ನನ್ನ ಅತ್ತೆ ಹೀರಾಬಾಯಿ ದೃಷ್ಟಿ ತೆಗೆದರು, ಕೊರಳಿಗೆ ಕರಿ ದಾರ ಕಟ್ಟಿದರು. ದಾರವನ್ನೂ ಎಲ್ಲೋ ಕಳೆದುಕೊಂಡು ಬಂದಳು.

ಆ ದಿನ ಅತ್ತೆಯ ತಾಳ್ಮೆ ಮುಗಿಯಿತು. “ಸಾಲಿ ಇಕಿಗಿ ಒಗ್ಗಲ್ಲ ಸುಜಾತಾ. ದೀಪಾವಳಿ ಆದ್ಮ್ಯಾಲ ಶಿವಕಾಂತ ಕುರಿ ಹೊಡ್ಕೊಂಡು ಔರಾದ ಕಡಿ ಹೋಗ್ತಾನ. ಅವನ ಸಂಗಟ ಇಕಿನೂ ಹೋಗ್ಲಿ.”

ಶಿವಕಾಂತ ನನ್ನ ಮೈದುನ. ಮಂದೆ ಹೊರಟರೆ ತಿಂಗಳುಗಟ್ಟಲೆ ಮರಳುವುದಿಲ್ಲ. ನಮ್ಮವರ ಕಡೆ ನೋಡಿದೆ.

“ಅವ್ವ ಹೇಳೋದು ಖರೆ ಅದ,” ಎಂದರು ವೈಜಿನಾಥ. “ಸಾಲ್ಯಾಗ ದಿನಾ ಬೈಸ್ಕೊಳ್ಳೋಕಿಂತ ಕುರಿ ಹಿಂದ ಅಡ್ಡಾಡಿದ್ರ ಖುಷಿಯಾಗರೆ ಇರ್ತಾಳ.”

ಕುರಿ ಕಾಯುವುದು ಕೀಳು ಕೆಲಸವಲ್ಲ, ನಮ್ಮ ಅನ್ನವೇ ಅದು. ಆದರೆ ಬಿಟ್ಟ ಶಾಲೆಗೆ ಮರಳಿ ಬಂದ ಹುಡುಗಿಯನ್ನು ನಮ್ಮ ಓಣಿಯಲ್ಲಿ ನಾನು ನೋಡಿಲ್ಲ.

ಅದೂ ಅಲ್ಲದೆ ನನ್ನನ್ನು ಒಂದು ಸಂಗತಿ ಕಾಡುತ್ತಿತ್ತು. ಸಂಜೆ ಕುರಿ ಮನೆಗೆ ಬಂದಾಗ ದೊಡ್ಡಿಯಲ್ಲಿ ಕೂಡಿಟ್ಟ ಮರಿಗಳನ್ನು ತಾಯಂದಿರ ಬಳಿ ಹಾಲಿಗೆ ಬಿಡುತ್ತೇವೆ. ಯಾವ ಮರಿಗೆ ಯಾವ ತಾಯಿ ಎಂಬುದು ಸಿದ್ದಿಗೆ ಎಂದೂ ತಪ್ಪಿಲ್ಲ. ಆ ಹೊತ್ತಿನಲ್ಲಿ ಅವಳು ಅತ್ತಿತ್ತ ನೋಡುವುದೂ ಇಲ್ಲ.

“ಅದಕ್ಕೇ ಹೇಳ್ತೇನಿ,” ಎನ್ನುತ್ತಿದ್ದರು ಅತ್ತೆ. “ಮರಿ ಗುರ್ತಾ ಹಿಡಿಯೋ ತಲಿಗಿ ಪಾಠ ಹತ್ತಲ್ಲಂದ್ರ ಯಾರು ನಂಬ್ತಾರ? ಎಲ್ಲಾ ನಾಟಕ.”

ಮನೆಯವರೆಲ್ಲ ಹಾಗೇ ತಿಳಿದಿದ್ದೆವು. ಆದರೆ ನಾಟಕವಾಗಿದ್ದರೆ ಅವಳು ಶಾಲೆಯಲ್ಲಿ ಬೈಸಿಕೊಂಡು ಬಂದು ಅಳುವುದೇಕೆ? ತರಗತಿಯ ಉಜ್ವಲಾ ಮೇಡಂ ಅವರನ್ನು ಕೇಳಿದೆ.

“ನನಗೂ ಅದೇ ಆಶ್ಚರ್ಯ ರಿ,” ಎಂದರು. “ಬಾಯಿಲೆ ಲೆಕ್ಕ ಕೇಳಿದ್ರ ಎಲ್ಲರಕಿಂತ ಮೊದಲು ಹೇಳ್ತಾಳ. ಬರಿ ಅಂದ್ರ ಆಗಲ್ಲ. ಬೀದರಿನ ದೊಡ್ಡ ದವಾಖಾನ್ಯಾಗ ಒಮ್ಮೆ ತೋರಸ್ರಿ. ಡಾಕ್ಟರು ಸಾಲಿ ಸುದ್ದಿ ಕೇಳಿದ್ರ ನನಗ ಫೋನ್ ಹಚ್ಚರಿ.”

ತೋರಿಸುವುದು ಮನೋವೈದ್ಯರಿಗೆ ಎಂದು ಅತ್ತೆಗೆ ಗೊತ್ತಾಯಿತು. “ನನ್ನ ಮೊಮ್ಮಗಳಿಗಿ ಹುಚ್ಚು ಹಿಡದದ ಅಂತ ಊರೆಲ್ಲ ಆಡ್ಕೋಬೇಕೇನು? ನಾನೂ ಬರ್ತೇನಿ. ಏನು ಹೇಳ್ತಾರೋ ನೋಡ್ತೇನಿ.”

ಭಾಲ್ಕಿಯಲ್ಲಿ ಬಸ್ಸು ಬದಲಿಸಿ ಬೀದರಿಗೆ ಹೋದೆವು. ಡಾಕ್ಟರ್ ಶಾಕಿರಾ ಬೇಗಂ ಅವಸರ ಮಾಡಲಿಲ್ಲ. ನಿದ್ದೆ ಹೇಗೆ, ಯಾವಾಗಿನಿಂದ ಹೀಗೆ, ಮನೆಯಲ್ಲಿ ಹೇಗೆ ಎಂದು ಕೇಳಿದರು. ಮೇಡಂ ಜೊತೆ ಮಾತಾಡಿದರು. ಕಣ್ಣು, ಕಿವಿ ಪರೀಕ್ಷೆ ಮಾಡಿಸಿದರು. ಎರಡನೇ ಸಲ ಹೋದಾಗ ಹೇಳಿದರು: “ಇದಕ್ಕ ಎ.ಡಿ.ಎಚ್.ಡಿ. ಅಂತಾರ್ರಿ. ಹುಚ್ಚಲ್ಲ, ದೃಷ್ಟಿ ಅಲ್ಲ, ನೀವು ಸಾಕಿದ್ದರಾಗ ಏನೂ ತಪ್ಪಿಲ್ಲ. ಮಿದುಳು ಬೆಳೆಯೋ ರೀತಿನೇ ಸ್ವಲ್ಪ ಬ್ಯಾರೆ. ಹೊಡೆದ್ರ ಹೋಗಲ್ಲ.”

ಅತ್ತೆ ಬಿಡಲಿಲ್ಲ. “ಮತ್ತ ಮರಿ ಬಿಡಾಗ ಹ್ಯಾಂಗ ಶಾಣ್ಯಾಕಿ ಆಗ್ತಾಳ?”

“ಅಕಿಗಿ ಗಮನ ಇಲ್ಲ ಅಂತಲ್ಲ ಆಯಿ. ಬೇಕಾದ ಕಡಿ ನಿಲ್ಸೋದು ಕಷ್ಟ. ಮರಿ ಬಿಡೋದು ಓಡಾಡೋ ಕೆಲಸ, ಅಕಿಗಿ ಇಷ್ಟದ ಕೆಲಸ. ಮರಿ ಹಾಲು ಕುಡದ ಕೂಡ್ಲೇ ಸರಿ ಆಯ್ತಂತ ಗೊತ್ತಾಗ್ತದ.” ಡಾಕ್ಟರು ಕುರ್ಚಿ ಮುಂದೆ ಎಳೆದುಕೊಂಡರು. “ನನಗ ಕುರಿ ಸುದ್ದಿ ಗೊತ್ತಿಲ್ಲ. ಎಲ್ಲಾ ಮರಿ ಒಮ್ಮೇ ಬಿಡ್ತೀರೇನು?”

ಅತ್ತೆಗೆ ನಗು ಬಂತು. “ಅಯ್ಯ, ಒಮ್ಮೇ ಬಿಟ್ರ ಗದ್ದಲ ಆಗಲ್ಲೇನ್ರಿ? ಗಟ್ಟಿ ಮರಿ ಎರಡು ಕಡಿ ಕುಡಿತದ, ಸಣ್ಣದು ಉಪಾಸ ಬೀಳ್ತದ. ಒಂದು ಬಿಡೋದು, ಅದು ತಾಯಿಗಿ ಹತ್ತೋ ತನಕ ನಿಲ್ಲೋದು, ಆಮ್ಯಾಲ ಇನ್ನೊಂದು.”

“ಇಕಿಗಿ ಕೆಲಸ ಹ್ಯಾಂಗ ಹೇಳ್ತೀರಿ?”

ಅತ್ತೆ ನನ್ನ ಕಡೆ ತಿರುಗಿದರು. ಆ ದಿನ ಗಿರಣಿಗೆ ಕಳಿಸುವಾಗ ಅವರು ಹೇಳಿದ್ದು ನನಗೂ ನೆನಪಿತ್ತು: ಡಬ್ಬಿ ಒಯ್ಯಿ, ಬರ್ತಾ ಬೆಲ್ಲ ತಾ, ಬಕ್ಕಪ್ಪ ಮಾವನ ಮನಿಗಿ ಹೇಳಿ ಬಾ, ಚಪ್ಪಲಿ ಹಾಕ್ಕೋ.

ಮನೆಯಲ್ಲಿ ರೂಢಿ ಬದಲಿಸಿದೆವು. ಹತ್ತಿರ ಹೋಗಿ, ಮುಖ ನೋಡಿ, ಒಂದೇ ಮಾತು ಹೇಳುವುದು. ಮುಗಿಸಿದ ಕೂಡಲೇ ಶಾಭಾಸ್ ಎನ್ನುವುದು. ಊಟ, ಓದು, ನಿದ್ದೆಗೆ ನಿಗದಿ ಹೊತ್ತು. ಶಾಲೆಯಲ್ಲಿ ಮೇಡಂ ಅವಳನ್ನು ಮುಂದೆ ಕೂರಿಸಿದರು, ಕಿಟಕಿಯಿಂದ ದೂರ. ಲೆಕ್ಕಗಳನ್ನು ತುಸು ತುಸು ಕೊಟ್ಟು, ನಡುವೆ ಪುಸ್ತಕ ಹಂಚಲು ಎಬ್ಬಿಸುತ್ತಾರೆ. ಔಷಧ ಬೇಕಾದ ಮಕ್ಕಳೂ ಇರುತ್ತಾರೆ, ಅದನ್ನು ನೋಡಿಕೊಂಡು ಹೇಳುತ್ತೇವೆ ಎಂದಿದ್ದಾರೆ ಡಾಕ್ಟರು.

ಎಲ್ಲ ಸರಿಯಾಗಿಲ್ಲ. ಮೊನ್ನೆಯೂ ನೀರಿನ ಬಾಟಲಿ ಕಳೆದಳು. ಆದರೆ ಬರೆಯಲು ಕೂತ ಲೆಕ್ಕವನ್ನು ಕೊನೆಯವರೆಗೆ ಬರೆದು ಮೊದಲು ಅಜ್ಜಿಗೇ ತೋರಿಸಿದಳು. ಓದಲು ಬಾರದ ಅಜ್ಜಿ ಆ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

ದೀಪಾವಳಿ ಮುಗಿಯಿತು. ಮಂದೆ ಹೊರಡುವ ಮುಂಜಾನೆ ನಮ್ಮವರು ಅವಸರದಲ್ಲಿದ್ದರು. “ಸಿದ್ದಿ, ಕಂಬಳಿ ತಾ, ಕಾಕಾಗ ಬುತ್ತಿ ಕೊಡು, ನಾಯಿ ಬಿಚ್ಚು, ಹಂಗೇ...”

“ಏ ವೈಜಿನಾಥ,” ಅತ್ತೆ ಒಳಗಿನಿಂದಲೇ ಗದರಿದರು. “ಎಲ್ಲಾ ಮರಿ ಒಮ್ಮೇ ಬಿಡ್ತಿಯೇನು? ಒಂದು ಹೇಳು. ಅಕಿಗಿ ಸಾಲಿಗಿ ಹೊತ್ತಾಗ್ತದ.”

ಶಿವಕಾಂತ ಕುರಿ ಹೊಡೆದುಕೊಂಡು ಔರಾದ ದಾರಿ ಹಿಡಿದ. ಸಿದ್ದಿ ಚೀಲ ಹಾಕಿಕೊಂಡು ಶಾಲೆಯ ಕಡೆ ಓಡಿದಳು. ಚಪ್ಪಲಿ ಕಾಲಲ್ಲೇ ಇತ್ತು.

ನಿಮ್ಮ ಮನೆಯಲ್ಲೂ ಇಂಥ ಮಗು ಇದ್ದರೆ, ಅಕ್ಕಾ, ಅಣ್ಣಾ, ಹಟ ಎಂದು ಹೊಡೆಯುವ ಮೊದಲು ಒಂದಿಷ್ಟು ಗಮನಿಸಿ ನೋಡಿ. ಯಾವ ಕೆಲಸದಲ್ಲಿ ಮಗುವಿನ ಗಮನ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಎಂದು ಮಾಸ್ತರರ ಜೊತೆ ಕೂತು ಮಾತಾಡಿ. ಮನೆಯಲ್ಲೂ ಶಾಲೆಯಲ್ಲೂ ತಿಂಗಳುಗಟ್ಟಲೆ ಹೀಗೇ ನಡೆದಿದ್ದರೆ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ, ನಾಚಿಕೆ ಬೇಡ. ಮತ್ತೆ ಇವತ್ತು ಸಂಜೆ ಮಗುವಿಗೆ ಕೆಲಸ ಹೇಳುವಾಗ ಒಂದೇ ಒಂದು ಹೇಳಿ, ಮುಗಿಯುವ ತನಕ ಕಾಯಿರಿ.