ಹಿಂದಿನ ಎಡ ಬಾಗಿಲು

ನೀಲಕಂಠಪ್ಪ ಮುಂಬೈನ ಜೋಗೇಶ್ವರಿಯಲ್ಲಿ ಕಾರಿನ ಸೀಟು ಹೊಲಿಯಲು ಶುರುಮಾಡಿ ಮೂವತ್ತು ವರ್ಷವಾಗಿತ್ತು. ಅಷ್ಟು ವರ್ಷಗಳಲ್ಲಿ, ಓಡದ ಗಾಡಿಗೆ ಹೊಸ ಸೀಟು ಬೇಕೆಂದು ಬಂದವರು ದೂಜ ಪೂಜಾರಿಯವರೊಬ್ಬರೇ.

ದೂಜರಿಗೆ ಎಪ್ಪತ್ತೆರಡು. ಎರಡೂ ಕಣ್ಣು ಪೂರ್ತಿ ಹೋಗಿದ್ದವು. ಮಗಳು ನಿಖಿತಾಳ ಭುಜ ಹಿಡಿದುಕೊಂಡು ಅಂಗಡಿಯ ಮೆಟ್ಟಿಲು ಹತ್ತಿದರು.

"ಸಾಂತಾಕ್ರೂಜ್‌ನಲ್ಲಿ ನಮ್ಮ ಧಣಿಗಳ ಬಂಗಲೆ ಉಂಟು. ಅಲ್ಲಿ ಒಂದು ಹಳೆ ಮರ್ಸಿಡಿಸ್ ನಿಂತಿದೆ. ಇಪ್ಪತ್ತಾರು ವರ್ಷ ನಾನೇ ಓಡಿಸಿದ್ದು. ಅದರ ಹಿಂದಿನ ಸೀಟು, ಬಾಗಿಲು ಮೊದಲಿನ ಹಾಗೆ ಆಗಬೇಕು ಮಾರಾಯ್ರೆ."

"ಎಂಜಿನ್ ಹೆಂಗೈತ್ರಿ?"

"ಸತ್ತು ಹೋಗಿದೆ. ಅದು ಬೇಡ."

ನಿಖಿತಾ ತಗ್ಗಿದ ದನಿಯಲ್ಲಿ ವಿವರಿಸಿದಳು. ಹೋಟೆಲು ನಡೆಸುತ್ತಿದ್ದ ದೂಜರ ಧಣಿ ತೀರಿಕೊಂಡಿದ್ದರು. ಬಂಗಲೆ ಕೆಡವಿ ಬಿಲ್ಡಿಂಗ್ ಏಳುವುದಿತ್ತು. ಧಣಿಯ ಮಗಳು ಹರಿಣಿ ತಿಂಗಳ ಕೊನೆಯವರೆಗೆ ಗಾಡಿಯನ್ನು ಕಂಪೌಂಡಿನಲ್ಲಿಯೇ ಬಿಟ್ಟಿರಲು ಒಪ್ಪಿದ್ದರು. ಆಮೇಲೆ ಅದು ಗುಜರಿಗೆ. "ಪಪ್ಪಾ ಸುನ್ತೇ ಹೀ ನಹೀಂ, ಅಂಕಲ್. ಕೇಳುವುದೇ ಇಲ್ಲ. ನಾನು ತುಂಬ ಸಲ ಹೇಳಿದೆ," ಎಂದಳು.

ಗುಜರಿಗೆ ಹೋಗುವ ಗಾಡಿಗೆ ಯಾರಾದರೂ ಸೀಟು ಹೊಲಿಸುತ್ತಾರೆಯೆ? ಬೇಡವೆನ್ನಬೇಕೆಂದು ನೀಲಕಂಠಪ್ಪ ಬಾಯಿ ತೆರೆದ. ಅಷ್ಟರಲ್ಲಿ ದೂಜರು ಮೇಜಿನ ಮೇಲಿದ್ದ ರೆಕ್ಸಿನ್ ತುಂಡನ್ನು ಬೆರಳಲ್ಲಿ ತಿಕ್ಕಿ ನೋಡಿ ಪಕ್ಕಕ್ಕೆ ಸರಿಸಿದರು. "ಇದು ಆಗುವುದಿಲ್ಲ. ತೊಗಲೇ ಬೇಕು." ಆ ಬೆರಳುಗಳ ತಿಳಿವಳಿಕೆ ಕಂಡು ಅವನು ಒಪ್ಪಿಕೊಂಡುಬಿಟ್ಟ.

ಮರುದಿನ ಹೋಗಿ ನೋಡಿದರೆ ಗಾಡಿಯ ಸ್ಥಿತಿ ಅವನು ಅಂದುಕೊಂಡದ್ದಕ್ಕಿಂತ ಕೆಟ್ಟದಾಗಿತ್ತು. ಸೀಟಿನ ತೊಗಲು ಒಣಗಿ ಸೀಳಿಹೋಗಿತ್ತು. ಒಳಗಿನ ನಾರಿನ ಹಾಸು ಕೈ ಇಟ್ಟಲ್ಲೆಲ್ಲ ಪುಡಿಯಾಗುತ್ತಿತ್ತು. ಹಿಂದಿನ ಎಡ ಬಾಗಿಲು ಜೋತು ಬಿದ್ದು, ಎತ್ತಿ ಹಿಡಿದರೆ ಮಾತ್ರ ಮುಚ್ಚಿಕೊಳ್ಳುತ್ತಿತ್ತು. ಧಾರಾವಿಯಲ್ಲಿ ಎರಡು ದಿನ ಅಲೆದು, ಹಳೆಯದಕ್ಕೆ ಹೊಂದುವ ಕಂದು ಬಣ್ಣದ ತೊಗಲು ತಂದ. ಸೀಟನ್ನು ಬಿಚ್ಚಿ ಅಂಗಡಿಗೆ ಒಯ್ದು ಹೊಲಿದ. ಬಾಗಿಲಿನ ಕೆಲಸವನ್ನು ಬಂಗಲೆಯಲ್ಲೇ ಮಾಡಿದ. ದೂಜರು ದಿನವೂ ರಿಕ್ಷಾದಲ್ಲಿ ಬಂದು ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು.

ಬಿಜಾಗರಿಯ ಸವೆದ ಪಿನ್ನುಗಳನ್ನು ತೆಗೆದು ಹೊಸದು ಹಾಕಿ, ಸುತ್ತಲಿನ ರಬ್ಬರ್ ಬದಲಿಸಿ, ಅವನು ಬಾಗಿಲು ಮುಚ್ಚಿದ.

"ಅಲ್ಲ," ಎಂದರು ದೂಜರು. "ಒಳಗೆ ಎಲ್ಲೋ ತಗಡು ಅಲುಗಾಡುತ್ತದೆ."

ಮತ್ತೆ ಬಿಚ್ಚಿದ. ಗಾಜಿನ ಪಟ್ಟಿಯ ಒಂದು ಸ್ಕ್ರೂ ಸಡಿಲವಾಗಿತ್ತು. ಐದನೆಯ ಸಲ ಮುಚ್ಚಿದಾಗ ದಪ್ಪನೆಯ ಮೆತ್ತಗಿನ ಸದ್ದು ಬಂತು. ಈ ಸಲ ದೂಜರು ತಲೆದೂಗಿದರು. ಎದ್ದು ಬಂದು ಬಾಗಿಲಿಗೆ ಅಂಗೈ ಒತ್ತಿ ನಿಂತರು.

"ಕೇಳ್ತೀನಂತ ತಪ್ಪು ತಿಳ್ಕೋಬ್ಯಾಡ್ರಿ," ಎಂದ ನೀಲಕಂಠಪ್ಪ. "ಯಾರ ಸಲುವಾಗಿ ಇದೆಲ್ಲಾ?"

"ನನ್ನ ಹೆಂಡತಿ ಅಕ್ಕುವಿಗೆ." ಅವರು ತಡೆದು ತಡೆದು ಹೇಳಿದರು. "ಈ ಬಾಗಿಲನ್ನು ಎಷ್ಟು ಜನರಿಗೆ ತೆರೆದಿದ್ದೇನೆ, ಲೆಕ್ಕ ಇಲ್ಲ. ಧಣಿಗಳ ಮನೆಯವರಿಗೆ, ಮಕ್ಕಳಿಗೆ, ನೆಂಟರಿಗೆ. ಅಕ್ಕು ಒಂದು ದಿನವೂ ಇದರಲ್ಲಿ ಕೂತವಳಲ್ಲ. ನಿಖಿತಾಳಿಗೆ ನಾಲ್ಕು ವರ್ಷ ಇರುವಾಗ, ಮಿಲನ್ ಸಬ್‌ವೇ ಹತ್ತಿರ ಭಯಂಕರ ಮಳೆ. ಧಣಿಗಳನ್ನು ಏರ್‌ಪೋರ್ಟಿಗೆ ಬಿಟ್ಟು ಖಾಲಿ ಬರ್ತಾ ಇದ್ದೆ. ಬಸ್‌ಸ್ಟಾಪಿನಲ್ಲಿ ಮಗುವನ್ನು ಎತ್ತಿಕೊಂಡು ಅಕ್ಕು ನಿಂತಿದ್ದಳು. ನನ್ನನ್ನು ನೋಡಿದಳು. ನಾನೂ ನೋಡಿದೆ. ಧಣಿಗಳ ಗಾಡಿ ಅಲ್ವಾ... ನಿಲ್ಲಿಸಲಿಲ್ಲ. ಅವಳು ಮುಖ ಆಚೆ ತಿರುಗಿಸಿಕೊಂಡಳು. ಮನೆಯಲ್ಲಿ ಆ ಮಾತು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಮೂವತ್ತು ವರ್ಷ ಆಯ್ತು."

ನೀಲಕಂಠಪ್ಪ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ. ಇಂಡಿ ತಾಲೂಕಿನ ಹಳ್ಳಿಯಲ್ಲಿ ಅವನ ಹೆಂಡತಿ ಚನ್ನವ್ವ ಇದ್ದಳು. ಹಾಸಿಗೆ ಹಿಡಿದ ಅವನ ತಾಯಿಯನ್ನು ನೋಡಿಕೊಳ್ಳಲು ಅಲ್ಲಿ ಉಳಿದವಳು. ತಾಯಿ ತೀರಿ ನಾಲ್ಕು ವರ್ಷವಾಗಿತ್ತು. ಮುಂಬೈಗೆ ಬಾ ಎಂದು ಅವನು ಕರೆದಿರಲಿಲ್ಲ. ಬರುತ್ತೇನೆಂದು ಅವಳೂ ಅಂದಿರಲಿಲ್ಲ. ದಿನವೂ ಫೋನಿನಲ್ಲಿ ಊಟವಾಯಿತೇ ಎಂದು ಕೇಳುವುದು, ಆಯಿತು ಎನ್ನುವುದು. ಅಷ್ಟೇ. ಆ ರಾತ್ರಿ ಹೊಲಿಗೆ ಯಂತ್ರದ ಮುಂದೆ ಕೂತಾಗಲೂ ಅವಳ ಕೈಯ ಹಸಿರು ಬಳೆಗಳೇ ಕಣ್ಣ ಮುಂದೆ ಬಂದವು.

ಸೀಟು ಕೂರಿಸಿದ ಭಾನುವಾರ ಮಧ್ಯಾಹ್ನ ಅಕ್ಕುವನ್ನು ನಿಖಿತಾ ಕರೆತಂದಳು. ಸಣ್ಣ ಮೈಕಟ್ಟಿನ ಹೆಂಗಸು. ಮದುವೆಗೆ ಹೊರಟವರಂತೆ ಮೈಸೂರು ಸಿಲ್ಕ್ ಉಟ್ಟು, ತಲೆಗೆ ಅಬ್ಬಲಿಗೆ ಮುಡಿದಿದ್ದರು. ದೂಜರು ಬಿಳಿ ಅಂಗಿಯಲ್ಲಿ ಗಾಡಿಯ ಪಕ್ಕ ನಿಂತಿದ್ದರು. ಹೆಜ್ಜೆಯ ಸಪ್ಪಳ ಹತ್ತಿರ ಬಂದಂತೆ ಹಿಡಿಯನ್ನು ತಡವದೆ ನೇರವಾಗಿ ಹಿಡಿದು ಬಾಗಿಲು ತೆರೆದರು. ಅಕ್ಕುವಿನ ತಲೆ ತಾಗದಂತೆ ಇನ್ನೊಂದು ಕೈಯನ್ನು ಮೇಲಿನ ಅಂಚಿಗೆ ಅಡ್ಡ ಹಿಡಿದರು.

ಅಕ್ಕು ಕೂತು ಸೆರಗನ್ನು ಮಡಿಲಲ್ಲಿ ಒಟ್ಟುಮಾಡಿಕೊಂಡರು. ದೂಜರು ಬಾಗಿಲು ಮುಚ್ಚಿದರು. ನಂತರ ಗಾಡಿಯನ್ನು ಕೈಯಲ್ಲಿ ಸವರುತ್ತ ಸುತ್ತು ಬಂದು ಸ್ಟೇರಿಂಗಿನ ಮುಂದೆ ಕೂತರು. ಕಿಟಕಿಯ ಗಾಜು ಇಳಿಸಿತ್ತು. ಅವರಿಬ್ಬರೂ ತುಳುವಿನಲ್ಲಿ ಮಾತಾಡಿದರು. ಮೂವತ್ತು ವರ್ಷ ಉಡುಪಿ ಹೋಟೆಲುಗಳಲ್ಲಿ ಉಂಡ ನೀಲಕಂಠಪ್ಪನಿಗೆ ಅಷ್ಟು ತುಳು ಅರ್ಥವಾಗುತ್ತಿತ್ತು.

"ಆ ದಿನ ನೀವು ನಿಲ್ಲಿಸಿದ್ದರೂ ನಾನು ಹತ್ತುತ್ತಿರಲಿಲ್ಲ," ಎಂದರು ಅಕ್ಕು. "ಮಗುವಿನ ಕಾಲೆಲ್ಲ ಕೆಸರು. ನಿಮಗೇ ಬೈಗುಳ ಬೀಳುತ್ತಿತ್ತು."

ದೂಜರು ತಿರುಗಲಿಲ್ಲ.

"ಆದರೆ ನಿಲ್ಲಿಸಬೇಕಿತ್ತು," ಎಂದರು ಅಕ್ಕು.

"ಹೌದು," ಎಂದರು ದೂಜರು. "ನಿಲ್ಲಿಸಬೇಕಿತ್ತು."

 ಆಮೇಲೆ ಅಕ್ಕು ಮುಂದಕ್ಕೆ ಬಾಗಿ ಗಂಡನ ಹೆಗಲ ಮೇಲೆ ಕೈಯಿಟ್ಟರು. ನಿಖಿತಾ ಕಣ್ಣೊರೆಸಿಕೊಳ್ಳುತ್ತ ಗೇಟಿನ ಕಡೆ ನಡೆದಳು.

ಹೊರಡುವಾಗ ನೀಲಕಂಠಪ್ಪ ಕೇಳಿದ: "ಗುಜರಿಯವರು ಬರೂಕಿಂತ ಮೊದ್ಲ ಸೀಟ್ ತಗದು ಕೊಡ್ಲೇನ್ರಿ? ಮನ್ಯಾಗ ಇಟ್ಕೋಬಹುದು."

"ಬೇಡ ಮಾರಾಯ್ರೆ. ಅವಳು ಕೂತಾಯ್ತಲ್ಲ. ಹೀಗೇ ಹೋಗಲಿ."

ಸಾಂತಾಕ್ರೂಜ್ ಸ್ಟೇಷನ್ನಿನಲ್ಲಿ ಎರಡು ಲೋಕಲ್ ಬಂದು ಹೋದವು. ನೀಲಕಂಠಪ್ಪ ಹತ್ತಲಿಲ್ಲ. ಬೆಂಚಿನ ಮೇಲೆ ಕೂತು ಊರಿಗೆ ಫೋನು ಹಚ್ಚಿದ.

"ಇಷ್ಟ ಲಗೂ ಹಚ್ಚೀರಲ್ಲ? ಆರಾಮ ಅದೀರಿಲ್ಲೋ?" ಎಂದಳು ಚನ್ನವ್ವ.

"ಆರಾಮ ಅದೀನಿ. ಚನ್ನಿ, ಇಲ್ಲಿಗಿ ಬರ್ತಿಯೇನು? ನನ್ನ ಕಡೆ ಇರಾಕ."

 ಲೈನು ಕಡಿದುಹೋಯಿತೇನೋ ಎಂದು ಅವನು ಫೋನನ್ನು ಕಿವಿಯಿಂದ ತೆಗೆದು ನೋಡಿದ.

"ಅತ್ತಿ ಹೋಗಿ ನಾಕ್ ವರ್ಷ ಆತು," ಎಂದಳು ಅವಳು ಕೊನೆಗೆ. "ಫೋನ್ ಬಂದಾಗೊಮ್ಮೆ ಇವತ್ತ ಕರೀತಾರ, ಇವತ್ತ ಕರೀತಾರ ಅಂತ ಕುಂತಿರ್ತಿದ್ದೆ."

"ನೀ ಯಾಕ ಅನ್ನಲಿಲ್ಲ?"

"ನೀವ್ ಕರೀಬೇಕಿತ್ತು." ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು. "ಈಗ ಮೊಣಕಾಲು ಭಾಳ ಹಿಡಿತಾವ. ನಿಮ್ಮ ಖೋಲಿ ಎಷ್ಟನೇ ಮಾಳಗಿ ಮ್ಯಾಲೈತಿ?"

"ಎರಡನೇದು."

"ಹತ್ತತೀನಿ," ಎಂದಳು ಚನ್ನವ್ವ. "ಸಾವಕಾಶ ಹತ್ತತೀನಿ."