ಶೇಂಗಾ ಇಲ್ಲದ ಊಟ

ಮಂಠಾಳದ ರತ್ನಮಾಲಾಗೆ ಹೋಟೆಲಿನ ಊಟವೆಂದರೆ ಎದೆ ಝಲ್ಲೆನ್ನುತ್ತಿತ್ತು. ಅವಳ ಮಗಳು ಪೂನಂಗೆ ಈಗ ಏಳು ವರ್ಷ. ಆ ಹುಡುಗಿಗೆ ಶೇಂಗಾ ಆಗುತ್ತಿರಲಿಲ್ಲ.

ಬೀದರ್ ಸೀಮೆಯಲ್ಲಿ ಶೇಂಗಾ ತಪ್ಪಿಸಿ ಉಣ್ಣುವುದೆಂದರೆ ಮಳೆಯಲ್ಲಿ ನಿಂತು ನೆನೆಯದೆ ಇರುವ ಹಾಗೆ. ಪಲ್ಯಕ್ಕೆ ಶೇಂಗಾ ಪುಡಿ, ರೊಟ್ಟಿಗೆ ಹಿಂಡಿ ಎನ್ನುವ ಶೇಂಗಾ ಚಟ್ನಿ, ಹಬ್ಬಕ್ಕೆ ಶೇಂಗಾ ಹೋಳಿಗೆ. ಬಸ್ಸು ಹತ್ತಿದರೆ ಪಕ್ಕದವರ ಕೈಯಲ್ಲೂ ಹುರಿದ ಕಾಳಿನ ಪೊಟ್ಟಣ. ಎರಡು ವರ್ಷದ ಹಿಂದೆ ನೆರೆಮನೆಯವರು ಪ್ರೀತಿಯಿಂದ ಕೊಟ್ಟ ಹೋಳಿಗೆಯ ಚೂರು ತಿಂದು ಪೂನಂಳ ಮೈತುಂಬ ದದ್ದು ಎದ್ದಿತ್ತು, ತುಟಿ ಊದಿ ಉಸಿರು ಸಿಕ್ಕಿಕೊಂಡಿತ್ತು. ಅವತ್ತು ಉಳಿದದ್ದೇ ದೊಡ್ಡದು. ಆಮೇಲೆ ಕಲಬುರಗಿಯ ಡಾಕ್ಟರಮ್ಮ ಪರೀಕ್ಷೆ ಮಾಡಿ, ಇದು ಇನ್ನೊಮ್ಮೆ ಆದರೆ ಇನ್ನೂ ಜೋರಾಗಿ ಆಗಬಹುದು ಎಂದು ಹೇಳಿದ್ದರು. ಗಾಜಿನ ಪುಟ್ಟ ಶೀಶೆಯಲ್ಲಿ ಔಷಧಿ ಕೊಟ್ಟು, ಸಿರಿಂಜಿನ ಮೇಲೆ ಪೆನ್ನಿನಿಂದ ಗೆರೆ ಎಳೆದು, ಇಷ್ಟೇ ತುಂಬಬೇಕು, ತೊಡೆಯ ಹೊರಮಗ್ಗುಲಿಗೆ ಚುಚ್ಚಬೇಕು, ಚುಚ್ಚಿದ ಮೇಲೂ ಆಸ್ಪತ್ರೆಗೆ ಒಯ್ಯಲೇಬೇಕು ಎಂದು ಕಲಿಸಿದ್ದರು. ರತ್ನಮಾಲಾ ಮೋಸಂಬಿ ಹಣ್ಣಿಗೆ ನೀರು ಚುಚ್ಚಿ ಚುಚ್ಚಿ ಅಭ್ಯಾಸ ಮಾಡಿದ್ದಳು. ಹಣ್ಣು ಅಳುವುದಿಲ್ಲ, ಕೈಕಾಲು ಬಡಿಯುವುದಿಲ್ಲ. ಮಗಳ ತೊಡೆ ನೆನೆದರೆ ಮಾತ್ರ ಅವಳ ಅಂಗೈ ಬೆವರುತ್ತಿತ್ತು.

ಅತ್ತೆ ಗಿರಿಜಾಬಾಯಿಗೆ ಇದೆಲ್ಲ ಪೂರ್ತಿ ನಂಬಿಕೆ ಇರಲಿಲ್ಲ. "ನಾವು ಹೊಲದಾಗ ಶೇಂಗಾ ಕೀಳ್ತಾ ಕೀಳ್ತಾ ಹಸಿ ಕಾಳು ತಿಂದ ದೊಡ್ಡಾವ್ರಾಗೇವಿ. ಈಗಿನ ಮಕ್ಕಳಿಗಿ ಅದೇನ್ ಬ್ಯಾನಿನೋ," ಎನ್ನುತ್ತಿದ್ದಳು. ಆದರೂ ಮನೆಯೊಳಗೆ ಒಂದು ಕಾಳೂ ತರುತ್ತಿರಲಿಲ್ಲ. ತನಗೆ ಇಷ್ಟದ ಹಿಂಡಿಯನ್ನೂ ಬಿಟ್ಟಿದ್ದಳು.

ಹುಮನಾಬಾದ್ ಆಚೆಯ ಹುಡಗಿ ಗ್ರಾಮದಲ್ಲಿ ರತ್ನಮಾಲಾಳ ಗಂಡ ರಾಜೀವನ ತಂಗಿ ಹೆತ್ತಿದ್ದಳು. ಕೂಸು ನೋಡಲು ಭಾನುವಾರ ಹೊರಡುವುದೆಂದು ಗೊತ್ತಾದಾಗ ಪೂನಂ ಅಪ್ಪನ ಕೊರಳಿಗೆ ಜೋತುಬಿದ್ದಳು.

"ಪಪ್ಪಾ, ಕ್ಲಾಸಿನಾಗ ಎಲ್ಲಾರೂ ಹೋಟೆಲಿನಾಗ ಉಂಡಾರ. ನಾ ಒಬ್ಬಾಕಿನೇ ಉಂಡಿಲ್ಲ."

ರಾಜೀವ ಹೆಂಡತಿಯ ಮುಖ ನೋಡಿದ. ಅವನು ಮನೆಗಳಿಗೆ ಕರೆಂಟಿನ ವೈರಿಂಗ್ ಮಾಡುವವನು, ಕೆಲಸದಲ್ಲಿ ಬಲು ಹುಷಾರಿನ ಮನುಷ್ಯ. ಊಟದ ವಿಷಯದಲ್ಲಿ ಮಾತ್ರ ಹೆಂಡತಿಯ ಹೆದರಿಕೆ ತುಸು ಹೆಚ್ಚಾಯಿತು ಎಂದು ಅವನಿಗೆ ಅನ್ನಿಸುತ್ತಿತ್ತು. "ಕಲ್ಯಾಣದಾಗ ಒಂದು ಖಾನಾವಳಿ ಅದ, ರತ್ನಾ. ಸಂಗಮ್ಮ ಅಂತ, ಆಕಿನೇ ನಿಂತು ಅಡಗಿ ಮಾಡ್ತಾಳ. ನೀನೇ ಒಳಗ ಹೋಗಿ ಕೇಳು. ಬ್ಯಾಡ ಅನಿಸಿದ್ರ ಎದ್ದ ಬರೋಣು," ಎಂದ.

ಮಗಳ ಮುಖ ನೋಡಿ ಅವಳು ಹೂಂ ಅಂದಳು. ಔಷಧಿಯ ಡಬ್ಬಿ ಚೀಲದಲ್ಲಿದೆಯೇ ಎಂದು ಹೊರಡುವ ಮುಂಚೆ ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡಳು.

ರಾಜೀವನ ಗೆಳೆಯ ಅಜೀಮುದ್ದೀನ್ ತನ್ನ ಆಟೋ ತಂದಿದ್ದ. ಗಿರಿಜಾಬಾಯಿಯೂ ಜೊತೆಗೆ ಹತ್ತಿ ಕುಳಿತಳು. ಬಸವಕಲ್ಯಾಣ ಮುಟ್ಟುವ ಹೊತ್ತಿಗೆ ಊಟದ ವೇಳೆಯಾಗಿತ್ತು. ಖಾನಾವಳಿಯ ಬಾಗಿಲಲ್ಲೇ ಒಗ್ಗರಣೆಯ ವಾಸನೆ ಬಂತು; ಅದರಲ್ಲಿ ಹುರಿದ ಶೇಂಗಾದ ಘಮವೂ ಇತ್ತು. ರತ್ನಮಾಲಾಳ ಕಾಲು ಅಲ್ಲೇ ನಿಂತವು. ಮೇಜಿನ ಮೇಲೆಲ್ಲ ಹಿಂಡಿಯ ಬಟ್ಟಲುಗಳು. ಬಡಿಸುವವನು ಹಿಂಡಿಗೆ ಅದ್ದಿದ ಚಮಚವನ್ನೇ ಮೊಸರಿಗೂ ಹಾಕುತ್ತಿದ್ದ. ಅದನ್ನು ನೋಡಿ ರತ್ನಮಾಲಾ ಸೀದಾ ಒಲೆಯ ಬಳಿಗೇ ಹೋದಳು.

"ಬಾಯಿ, ನನ್ನ ಮಗಳಿಗಿ ಶೇಂಗಾ ಆಗಂಗಿಲ್ರಿ. ಒಂದು ಚೂರು ಹೋದ್ರೂ ಜೀಂವಕ್ಕ ಬರ್ತದ. ನಿಮ್ಮ ಕಡಿ ಏನರ ಸಿಗ್ತದೇನ್ರಿ?"

ಇಂಥ ಮಾತಿಗೆ ಜನ ನಗುವುದನ್ನು ಅವಳು ಬಹಳ ಸಲ ಕಂಡಿದ್ದಳು. ಸಂಗಮ್ಮ ನಗಲಿಲ್ಲ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ಹೊರಗೆ ಕುಳಿತ ಹುಡುಗಿಯನ್ನೊಮ್ಮೆ ಬಗ್ಗಿ ನೋಡಿದಳು.

"ಪಲ್ಯ ಯಾವುದೂ ಕೊಡಬ್ಯಾಡ ಹಂಗಂದ್ರ. ಎಲ್ಲಾದಕ್ಕೂ ಪುಡಿ ಬಿದ್ದದ. ತಡಿ, ಕೈ ತೊಳಕೊಂಡ ಬರ್ತೀನಿ. ಕುಸುಬಿ ಎಣ್ಣ್ಯಾಗ ಕಡ್ಲಿಹಿಟ್ಟಿನ ಝುಣಕ ಮಾಡಿಕೊಡ್ತೀನಿ, ಬ್ಯಾರೆ ಪಾತ್ರ್ಯಾಗ. ಮೊಸರಿಂದು ಹೊಸ ಗಡಿಗಿ ತೆಗಿತೀನಿ. ನೀ ಇಲ್ಲೇ ನಿಂತು ನೋಡವಾ, ನಿನ್ನ ಮನಸಿಗಿ ಸಮಾಧಾನ ಆಗ್ತದ."

ರತ್ನಮಾಲಾ ನಿಂತು ನೋಡಿದಳು. ಸಂಗಮ್ಮ ಹಂಚು ತೊಳೆದಳು, ಸೌಟು ತೊಳೆದಳು, ಹೊಸ ಹಿಟ್ಟು ನಾದಿದಳು. ಬಿಸಿ ರೊಟ್ಟಿ, ಝುಣಕ, ಮೊಸರು, ಹಸಿ ಉಳ್ಳಾಗಡ್ಡಿ. ಪೂನಂ ರೊಟ್ಟಿ ಮುರಿದು ಬಾಯಿಗಿಟ್ಟಾಗ ತಾಯಿಯ ಕಣ್ಣು ಅವಳ ತುಟಿಯ ಮೇಲೇ ಇತ್ತು. ತುಟಿ ಊದುತ್ತಿದೆಯೇ? ಇಲ್ಲ, ಅದು ಝುಣಕದ ಖಾರ. ಕೊರಳು ಕೆರೆದುಕೊಂಡಳೇ? ಇಲ್ಲ, ಸರ ಸರಿಮಾಡಿಕೊಂಡಳು. ರತ್ನಮಾಲಾಳ ತಾಟಿನ ರೊಟ್ಟಿ ಆರಿ ಗಟ್ಟಿಯಾಯಿತು. ಹುಡುಗಿ ಮಾತ್ರ ಪಕ್ಕದ ಮೇಜಿನವರನ್ನು, ಗೋಡೆಯ ಫ್ಯಾನನ್ನು, ಸ್ಟೀಲಿನ ಲೋಟಗಳನ್ನು ನೋಡುತ್ತ ಊಟ ಮುಗಿಸಿ, "ಆಯಿ, ನಾ ಹೋಟೆಲಿನಾಗ ಉಂಡೆ!" ಎಂದು ಅಜ್ಜಿಯ ಕೈ ಹಿಡಿದು ಕುಣಿದಳು.

ಅವಳಿಗೆ ಏನೂ ಆಗಲಿಲ್ಲ. ಹೊರಗೆ ಬಂದಾಗ ರತ್ನಮಾಲಾಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಗಿತ್ತು. ಎರಡು ವರ್ಷದಲ್ಲಿ ಇಷ್ಟು ಹಗುರಾಗಿದ್ದು ಅದೇ ಮೊದಲು.

ಬಸ್‌ಸ್ಟ್ಯಾಂಡಿನ ಕಡೆ ಒಂದು ಮಿಠಾಯಿ ಅಂಗಡಿ. ತಂಗಿಯ ಮನೆಗೆ ಬರಿಗೈಯಲ್ಲಿ ಹೋಗುವುದು ಹ್ಯಾಗೆ ಎಂದು ರಾಜೀವ ಆಟೋ ನಿಲ್ಲಿಸಲು ಹೇಳಿದ. ಗಾಜಿನ ಹಿಂದೆ ಬೆಳ್ಳಿ ವರಖಿನ ಕಾಜೂ ಬರ್ಫಿ ಸಾಲಾಗಿ ಕುಳಿತಿತ್ತು. ಬೇರೆ ಕಡೆಗಿಂತ ಎಷ್ಟೋ ಸಸ್ತಾ. ಗೋಡಂಬಿ ಪೂನಂಗೆ ಏನೂ ಮಾಡುವುದಿಲ್ಲ ಎಂದು ಕಲಬುರಗಿಯಲ್ಲೇ ಪರೀಕ್ಷೆಯಾಗಿತ್ತು. ಹುಡುಗಿ ಗಾಜಿಗೆ ಮೂಗು ಒತ್ತಿ ನಿಂತಳು.

"ಇದರಾಗ ಶೇಂಗಾ ಏನರ ಹಾಕೀರೇನ್ರಿ?" ರತ್ನಮಾಲಾ ಕೇಳಿದಳು.

ಅಂಗಡಿಯ ಮಾಲೀಕ ಧನರಾಜ ತೂಕದ ಮೇಲಿಂದ ಕಣ್ಣೆತ್ತಲಿಲ್ಲ. "ಕಾಜೂ ಬರ್ಫಿಗಿ ಶೇಂಗಾ ಯಾಕ ಹಾಕ್ತಾರ್ರಿ ಅಕ್ಕೋರೆ? ಕಾಜೂ, ಸಕ್ಕರಿ, ಮ್ಯಾಲ ವರಖ. ಅಷ್ಟ."

ಅವಳು ಇನ್ನೊಂದು ಸಲ ಕೇಳಬೇಕೆಂದುಕೊಂಡಳು. ಹಿಂದೆ ಗಿರಾಕಿಗಳು ನಿಂತಿದ್ದರು. ಮನಸ್ಸು ಊಟದ ಸಂತೋಷದಲ್ಲಿತ್ತು. ಪೊಟ್ಟಣ ಕಟ್ಟಿಸಿಕೊಂಡು, ಸಸ್ತಾಪುರ ಬಂಗ್ಲಾ ಎಂಬ ಕೂಡುರಸ್ತೆ ದಾಟಿ ಆಟೋ ಹೆದ್ದಾರಿಗೆ ಬಿದ್ದ ಮೇಲೆ ಒಂದು ತುಂಡು ತಾನೇ ಮುರಿದು ಮಗಳ ಕೈಗಿಟ್ಟಳು.

ರಾಜೇಶ್ವರ ಗ್ರಾಮದ ಹತ್ತಿರ ಪೂನಂ ನಾಲಿಗೆಯನ್ನು ಹಲ್ಲಿಗೆ ಉಜ್ಜತೊಡಗಿದಳು. "ಮಮ್ಮಿ, ಬಾಯಾಗ ಚುಳುಚುಳು ಆಗಾಕತ್ತದ."

ರತ್ನಮಾಲಾಳ ಮೈ ತಣ್ಣಗಾಯಿತು. ಅವಳು ಬರ್ಫಿಯ ತುಂಡೊಂದನ್ನು ಮೂಗಿಗೆ ಹಿಡಿದಳು, ಚೂರು ನಾಲಿಗೆಗೆ ಹಚ್ಚಿದಳು. ಸಕ್ಕರೆ, ಏಲಕ್ಕಿ; ಅದರಡಿಯಲ್ಲಿ ಎರಡು ವರ್ಷದಿಂದ ಅವಳ ಮನೆಗೆ ಕಾಲಿಡದ ರುಚಿ. ಶೇಂಗಾ.

"ಅಜೀಮ್ ಭಾಯ್, ಜಲ್ದಿ ಹೊಡೀರಿ!" ಎಂದು ಕಿರುಚಿದಳು.

ಕೊರಳ ಮೇಲೆ ಕೆಂಪು ದದ್ದುಗಳು ಎದ್ದು ಹರಡುತ್ತಿದ್ದವು. ತುಟಿ ದಪ್ಪಗಾಯಿತು. ಹುಡುಗಿ ಒಮ್ಮೆ ವಾಂತಿ ಮಾಡಿಕೊಂಡಳು. ಆಮೇಲೆ ಉಸಿರಿನ ಜೊತೆ ಸಣ್ಣಗೆ ಸೀಟಿ ಹೊಡೆದಂಥ ಸದ್ದು ಬರತೊಡಗಿತು. ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಸಾಲು. ಹುಮನಾಬಾದ್ ಇನ್ನೂ ದೂರ.

"ಮಮ್ಮಿ..." ಪೂನಂಳ ದನಿ ಒಡೆದಿತ್ತು. ಮುಂದಿನ ಮಾತು ಹೊರಡಲಿಲ್ಲ.

"ನಿಲ್ಲಸ್ರಿ!" ಎಂದಳು ರತ್ನಮಾಲಾ.

"ನಿಂತ್ರ ಹ್ಯಾಂಗ? ದವಾಖಾನಿ—" ರಾಜೀವ ತೊದಲಿದ.

"ದವಾಖಾನಿ ತನಕ ಆಕಿ ತಡ್ಯಾಂಗಿಲ್ಲ. ಕುಲುಕಾಡು ಗಾಡ್ಯಾಗ ಸೂಜಿ ಚುಚ್ಚಾಕ ಆಗಂಗಿಲ್ಲ. ನಿಲ್ಲಸ್ರಿ!"

ಆಟೋ ಬೇವಿನ ಮರದ ಬುಡಕ್ಕೆ ಸರಿದು ನಿಂತಿತು. ರತ್ನಮಾಲಾ ಡಬ್ಬಿ ತೆಗೆದಳು. ಶೀಶೆಯ ಕುತ್ತಿಗೆ ಮುರಿಯುವಾಗ ಗಾಜು ಬೆರಳು ಸೀಳಿತು. ಅವಳಿಗೆ ಗೊತ್ತೂ ಆಗಲಿಲ್ಲ. ಔಷಧಿ ಎಳೆದಳು. ಸಿರಿಂಜನ್ನು ಕಣ್ಣಿನ ಹತ್ತಿರ ಹಿಡಿದು ಪೆನ್ನಿನ ಗೆರೆ ನೋಡಿದಳು. ಹೆಚ್ಚಾದರೆ? ಕಡಿಮೆಯಾದರೆ? ತಪ್ಪು ಜಾಗಕ್ಕೆ ಚುಚ್ಚಿದರೆ? ರಾಜೀವ ಮಗಳ ಭುಜ ಹಿಡಿದಿದ್ದ, ಮುಖ ಮಾತ್ರ ಆಚೆ ತಿರುಗಿಸಿದ್ದ. ಆಗ ಗಿರಿಜಾಬಾಯಿ ಮೊಮ್ಮಗಳ ಎರಡೂ ಕಾಲುಗಳನ್ನು ಮಡಿಲಿಗೆ ಎಳೆದುಕೊಂಡು ಒತ್ತಿ ಹಿಡಿದಳು.

"ನಾ ಹಿಡಿದೀನಿ, ರತ್ನಾ. ಅಳ್ಳಾಡಾಕ ಬಿಡಂಗಿಲ್ಲ. ನೀ ಹಾಕು."

ಸೂಜಿ ಫ್ರಾಕಿನ ಬಟ್ಟೆಯನ್ನು ದಾಟಿ ತೊಡೆಗೆ ಇಳಿಯಿತು. ಪೂನಂ ಚೀರಬೇಕಿತ್ತು, ಚೀರುವಷ್ಟು ಉಸಿರೇ ಅವಳಲ್ಲಿರಲಿಲ್ಲ. ಆ ಮೌನಕ್ಕೆ ರತ್ನಮಾಲಾ ಹೆದರಿದಷ್ಟು ಮತ್ತಾವುದಕ್ಕೂ ಹೆದರಿರಲಿಲ್ಲ.

"ಈಗ ಹೊಡೀರಿ," ಎಂದಳು.

ಅಜೀಮುದ್ದೀನ್ ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ. ಟ್ರ್ಯಾಕ್ಟರುಗಳ ಬದಿಯ ಮಣ್ಣಿಗೆ ಇಳಿದು ಮತ್ತೆ ರಸ್ತೆಗೆ ಹತ್ತಿಸುತ್ತ ಓಡಿಸಿದ. ರತ್ನಮಾಲಾ ಮಗಳ ಬಾಯಿಯ ಬಳಿ ಕಿವಿ ಇಟ್ಟು ಕುಳಿತಳು. ಸೀಟಿಯ ಸದ್ದು ಇತ್ತು. ಅದು ನಿಂತರೆ ಎಂಬ ಹೆದರಿಕೆಗೆ ಆ ಸದ್ದೇ ಬೇಕೆನಿಸುತ್ತಿತ್ತು. ಗಿರಿಜಾಬಾಯಿ "ಬುದ್ಧಾ, ಬಾಬಾಸಾಹೇಬಾ" ಎಂದು ಒಂದೇ ಸಮನೆ ಅನ್ನುತ್ತಿದ್ದಳು. ದಾರಿ ಸವೆಯಲೊಲ್ಲದು. ಎಷ್ಟೋ ಹೊತ್ತಿನ ಮೇಲೆ ಹುಡುಗಿಯ ಎದೆ ಒಮ್ಮೆ ಆಳವಾಗಿ ಏರಿ ಇಳಿಯಿತು. ಆಮೇಲೆ ಇನ್ನೊಮ್ಮೆ.

"ಕಾಲು ನೋಯಾಕತ್ತದ," ಎಂದು ಪೂನಂ ಸಣ್ಣಗೆ ಅಳತೊಡಗಿದಳು. ಆ ಅಳು ಕೇಳಿ ಮುಂದೆ ಕುಳಿತಿದ್ದ ರಾಜೀವನೂ ಅತ್ತ.

ಹುಮನಾಬಾದಿನ ಆಸ್ಪತ್ರೆಯಲ್ಲಿ ಆಮ್ಲಜನಕ ಹಚ್ಚಿದರು, ಸಲೈನ್ ಏರಿಸಿದರು. ಡಾಕ್ಟರು ತೊಡೆಯ ಗುರುತು ನೋಡಿ, "ಇಂಜೆಕ್ಷನ್ ಯಾರು ಹಾಕಿದ್ರಿ? ಹಾಕದಿದ್ರ ಕಷ್ಟ ಇತ್ತು," ಎಂದರು. ಆದರೆ ಕೆಲವೊಮ್ಮೆ ಇದು ಇಳಿದು ಮತ್ತೆ ತಿರುಗಿ ಬರುತ್ತದೆ, ನಾಳೆಯವರೆಗೆ ಇಲ್ಲೇ ಇರಲಿ ಎಂದೂ ಹೇಳಿದರು. ತಿರುಗಿ ಬರುತ್ತದೆ ಎಂಬ ಆ ಮಾತನ್ನು ಹಿಡಿದುಕೊಂಡು ರತ್ನಮಾಲಾ ಮಂಚದ ಪಕ್ಕ ಕುಳಿತಳು. ಮಗಳು ಕೆಮ್ಮಿದರೆ ಏಳುತ್ತಿದ್ದಳು, ಸುಮ್ಮನಿದ್ದರೂ ಏಳುತ್ತಿದ್ದಳು. ಸೀಳಿದ ಬೆರಳಿಗೆ ಗಿರಿಜಾಬಾಯಿಯೇ ಪಟ್ಟಿ ಕಟ್ಟಿಸಿದಳು.

"ನಾ ಸುಳ್ಳ ಅಂತ ತಿಳಕೊಂಡಿದ್ದೆ," ಎಂದಳು ಮುದುಕಿ. ಸೊಸೆ ಅವಳ ಭುಜಕ್ಕೆ ತಲೆ ಆನಿಸಿದಳು.

ಅದು ತಿರುಗಿ ಬರಲಿಲ್ಲ. ಮರುದಿನ ಪೂನಂ ಹಸಿವು ಎಂದಳು.

ವಾರ ಕಳೆದ ಮೇಲೆ ರಾಜೀವ ಅಂಗಡಿಗೆ ಹೋಗಿ ಜಗಳ ತೆಗೆಯಲು ಹೊರಟಿದ್ದ. "ನೀವು ಹೊಡದಾಡ್ತೀರಿ, ಅವ ಪೊಲೀಸ್ರನ ಕರೀತಾನ. ನಾನೇ ಹೋಗ್ತೀನಿ," ಎಂದು ರತ್ನಮಾಲಾ ಮಗಳ ಕೈ ಹಿಡಿದುಕೊಂಡು ಬಸವಕಲ್ಯಾಣದ ಬಸ್ಸು ಹತ್ತಿದಳು. ಮಿಠಾಯಿ ಅಂಗಡಿಯ ಮೆಟ್ಟಿಲು ಹತ್ತಿದಳು. ಅಂಗಡಿಯಲ್ಲಿ ಜನ ಇದ್ದರು. ಅವಳು ಮಗಳನ್ನು ಗಾಜಿನ ಮುಂದೆ ನಿಲ್ಲಿಸಿ ನಡೆದದ್ದನ್ನೆಲ್ಲ ಹೇಳಿದಳು.

ಧನರಾಜ ಮೊದಲು ಇಲ್ಲವೇ ಇಲ್ಲ ಎಂದ. ಆಮೇಲೆ ದನಿ ಇಳಿಸಿದ. "ಆ ರೇಟಿಗಿ ಬರೇ ಕಾಜೂ ಹ್ಯಾಂಗ ಬರ್ತದ್ರಿ ಅಕ್ಕೋರೆ? ಎಲ್ಲಾರೂ ಜರಾ ಶೇಂಗಾ ಕೂಡಸ್ತಾರ. ಇಷ್ಟ ದಿನದಾಗ ಯಾರಿಗೂ ಏನೂ ಆಗಿಲ್ಲ."

"ಈಕಿಗಿ ಆಗ್ಯದಲ್ರಿ," ಎಂದಳು ರತ್ನಮಾಲಾ. "ಶೇಂಗಾ ಬರ್ಫಿ ಅಂತ ಹೇಳಿ ಮಾರ್ರಿ. ತಿನ್ನೋರು ತಿಂತಾರ. ನಾವು ಮುಟ್ಟಂಗಿಲ್ಲ. ನಾ ನಿಮಗ ಕೇಳಿದ್ನಿ. ಕೇಳಿದಾಗ ಖರೇ ಹೇಳಬೇಕಿತ್ತು."

ಧನರಾಜ ಪೂನಂಳ ಕಡೆ ನೋಡಿದ. ಹುಡುಗಿ ತಾಯಿಯ ಸೆರಗು ಹಿಡಿದು ಅವನನ್ನೇ ನೋಡುತ್ತಿದ್ದಳು. ಅವನ ಬಾಯಿಂದ ತಪ್ಪಾಯಿತು ಎಂಬ ಮಾತು ಬರಲಿಲ್ಲ. ಆದರೆ ಬರ್ಫಿ ತೂಗಿಸಿಕೊಳ್ಳುತ್ತಿದ್ದ ಹೆಂಗಸೊಬ್ಬಳು ಕೈ ಹಿಂದೆ ತೆಗೆದಳು; ಅವನು ಆ ತಟ್ಟೆಯನ್ನು ಗಾಜಿನಿಂದ ಎತ್ತಿ ಒಳಗೆ ಒಯ್ದ. ನಾಳೆ ಮತ್ತೆ ಹೊರಗೆ ಇಡುತ್ತಾನೋ ಇಲ್ಲವೋ, ಅವಳಿಗೆ ಗೊತ್ತಿರಲಿಲ್ಲ. ಆಹಾರ ಇಲಾಖೆಗೆ ದೂರು ಕೊಡುತ್ತೇನೆ ಎಂದು ಹೇಳಿ ಕೆಳಗಿಳಿದಳು. ಮರುದಿನ ಕೊಟ್ಟಳು ಕೂಡ.

ರಸ್ತೆಯಲ್ಲಿ ಪೂನಂ ಕೇಳಿದಳು: "ಮಮ್ಮಿ, ಅವತ್ತ ನಾ ಸಾಯ್ತಿದ್ನೇನು?"

ಸುಳ್ಳು ಹೇಳಲು ರತ್ನಮಾಲಾಗೆ ಬಾಯಿ ಬರಲಿಲ್ಲ. "ಹೌದು ಬೇಟಾ. ಅದಕ್ಕ ನಾ ಹೋದಲ್ಲೆಲ್ಲಾ ಕೇಳ್ತೀನಿ. ಇನ್ನ ಮ್ಯಾಲ ನೀನೂ ಕೇಳಬೇಕು. ಗೊತ್ತಿಲ್ಲ ಅಂದ್ರ ಬಿಟ್ಟುಬಿಡಬೇಕು. ನಾ ಯಾವಾಗಲೂ ಬಾಜೂಕ ಇರಂಗಿಲ್ಲ."

ಬಿಸಿಲು ಕಾದಿತ್ತು. ಮೂಲೆಯಲ್ಲಿ ಕಬ್ಬಿನ ಹಾಲಿನ ಗಾಡಿ ನಿಂತಿತ್ತು, ಗಾಲಿಯ ಗೆಜ್ಜೆ ಘಲ್ ಘಲ್ ಎನ್ನುತ್ತಿತ್ತು. ಪೂನಂ ತಾಯಿಯ ಕೈ ಬಿಟ್ಟು ಗಾಡಿಯ ಮುಂದೆ ಹೋಗಿ ನಿಂತಳು. ರತ್ನಮಾಲಾಳ ಎದೆ ಹೊಡೆದುಕೊಳ್ಳತೊಡಗಿತು. ಓಡಿ ಹೋಗಿ ಎಳೆದುಕೊಂಡು ಬರಬೇಕೆನ್ನಿಸಿತು. ಹೋಗಲಿಲ್ಲ.

"ಕಾಕಾ, ಇದರಾಗ ಏನೇನ್ ಹಾಕ್ತೀರಿ? ಶೇಂಗಾ ಅದನ?"

ಗಾಡಿಯವನು ನಗಲು ಹೊರಟವನು ಹುಡುಗಿಯ ಮುಖ ನೋಡಿ ನಗಲಿಲ್ಲ. "ಕಬ್ಬು, ಲಿಂಬಿ, ಹಸಿಶುಂಠಿ. ಬ್ಯಾರೆ ಏನಿಲ್ಲ ಬೇಟಾ."

"ಲೋಟ ತೊಳದ ಕೊಡ್ರಿ," ಎಂದಳು ಪೂನಂ.

ಅವಳು ಮೊದಲ ಗುಟುಕು ಕುಡಿಯುವಾಗ ರತ್ನಮಾಲಾ ಉಸಿರು ಹಿಡಿದುಕೊಂಡೇ ನಿಂತಿದ್ದಳು.