ಮೊದಲ ಕತ್ತರಿ

ಮತ್ತೋಡಿನ ಹತ್ತಿರದ ಆ ಸರ್ಕಾರಿ ಶಾಲೆಯಲ್ಲಿ ಗಂಡುಹುಡುಗರಿಗೆ ತುಂಡುಗೂದಲು, ಹೆಣ್ಣುಮಕ್ಕಳಿಗೆ ಎರಡು ಜಡೆ, ಜಡೆಗೆ ಕೆಂಪು ಟೇಪು. ನಿಯಮ ಇಷ್ಟೇ. ಇಷ್ಟು ಸಣ್ಣ ನಿಯಮ ಪಿ.ಟಿ. ಮೇಷ್ಟ್ರು ಪ್ರಸನ್ನಕುಮಾರರ ತಲೆ ಕೆಡಿಸಿದ್ದು ಗೊಲ್ಲರ ಹಟ್ಟಿಯ ಶಿವು ಆರನೇ ಕ್ಲಾಸಿಗೆ ಬಂದು ಸೇರಿದ ಮೇಲೆ. ಹುಟ್ಟಿದಾಗಿನಿಂದ ಕತ್ತರಿ ಕಾಣದ ಅವನ ಕೂದಲು ಸೊಂಟದ ತನಕ ಇಳಿದಿತ್ತು.

ಮೊದಲ ದಿನ ಮೇಷ್ಟ್ರು, "ಕಟಿಂಗ್ ಮಾಡಿಸ್ಕೊಂಡು ಬಾರಲೇ" ಎಂದು ಪ್ರಾರ್ಥನೆಯ ಸಾಲಿನಿಂದಲೇ ಮನೆಗೆ ಕಳಿಸಿದರು. ಮರುದಿನ ಹುಡುಗ ಎರಡು ಜಡೆ ಹೆಣೆಸಿಕೊಂಡು, ಕೆಂಪು ಟೇಪು ಕಟ್ಟಿಕೊಂಡು ಬಂದು ಗಂಡುಹುಡುಗರ ಸಾಲಿನಲ್ಲೇ ನಿಂತ. ಇಡೀ ಶಾಲೆ ಬಿದ್ದು ಬಿದ್ದು ನಕ್ಕಿತು. "ಉದ್ದ ಕೂದ್ಲಿಗೆ ಎರಡು ಜಡೆ ಅಂತ ರೂಲ್ಸ್ ಐತಲ್ಲ ಸಾ" ಎಂದ ಶಿವು. ಬೈಯಬೇಕೋ ಬೆನ್ನು ತಟ್ಟಬೇಕೋ ಮೇಷ್ಟ್ರಿಗೆ ತಿಳಿಯಲಿಲ್ಲ. ಹೆಡ್‌ಮೇಡಂ ಸುಮಿತ್ರಾ ಅವರಿಗೆ ಇಂಥ ಗೊಂದಲವೇನೂ ಇರಲಿಲ್ಲ. ಸೋಮವಾರದೊಳಗೆ ಕೂದಲು ಹೋಗಬೇಕು, ಇಲ್ಲದಿದ್ದರೆ ಹುಡುಗ ಒಳಗೆ ಬರಬಾರದು ಎಂದುಬಿಟ್ಟರು.

ಶುಕ್ರವಾರ ಶಿವುವಿನ ತಾಯಿ ಜುಂಜಮ್ಮ ಶಾಲೆಗೆ ಬಂದಳು. ಮೇಷ್ಟ್ರು ಕುರ್ಚಿ ತೋರಿಸಿದರೂ ಕೂರಲಿಲ್ಲ.

"ದೇವ್ರಿಗೆ ಬಿಟ್ಟಿರೋ ಮುಡಿ ಸಾ. ಮೊದಲ್ನೇ ಕತ್ರಿ ಸೋದರಮಾವನೇ ಹಾಕ್ಬೇಕು."

"ಹಾಕ್ಸಮ್ಮ ಹಂಗಾದ್ರೆ. ಯಾರು ಬ್ಯಾಡ ಅಂದ್ರು?"

"ಅವ್ನು ಬರಬೇಕಲ್ಲ ಸಾ."

ಅವಳ ಅಣ್ಣ ಕಾಟಲಿಂಗಪ್ಪ ಜವನಗೊಂಡನಹಳ್ಳಿ ಕಡೆಯವನು. ಅಪ್ಪ ತೀರಿಕೊಂಡಾಗ ಕುರಿ ಹಿಂಡು ಪಾಲು ಮಾಡುವಲ್ಲಿ ಮಾತಿಗೆ ಮಾತು ಬೆಳೆದು, ಆಗಿನಿಂದ ಅವನು ತಂಗಿಯ ಹೊಸಿಲು ತುಳಿದಿಲ್ಲ. ಪ್ರಸನ್ನಕುಮಾರರು ದುರ್ಗದ ಪೇಟೆಯಲ್ಲಿ ಬೆಳೆದವರು. ಕುರಿ ಜಗಳಕ್ಕೂ ಕ್ಷೌರಕ್ಕೂ ಏನು ನಂಟು ಎಂದು ಅವರಿಗೆ ಅರ್ಥವಾಗಲಿಲ್ಲ.

"ಸೋದರಮಾವ ಇಲ್ದಿರೋ ಮಕ್ಳಿಗೆ ಏನ್ಮಾಡ್ತೀರಿ?"

"ಇಲ್ದೋರಿಗೆ, ಅಣ್ಣನ ಜಾಗ್ದಾಗೆ ಯಾರಾದ್ರೂ ನಿಂತು ಹಾಕ್ತಾರೆ" ಎಂದು ಜುಂಜಮ್ಮ ಕಣ್ಣೊರೆಸಿಕೊಂಡಳು. "ಏನಾರ ಒಂದು ದಾರಿ ಮಾಡ್ರಿ ಸಾ. ಹುಡುಗನ್ನ ಮಾತ್ರ ಮನೀಗೆ ಕಳಿಸ್ಬ್ಯಾಡ್ರಿ."

ದಾರಿ ಸಿಕ್ಕಿತು ಎಂದುಕೊಂಡರು ಮೇಷ್ಟ್ರು. ಒಳ್ಳೆಯ ಮನುಷ್ಯ, ಪಾಪ. ಜುಂಜಮ್ಮನನ್ನು ಒಂದು ಮಾತು ಕೇಳಿ ಬರೋಣ ಎಂಬ ಯೋಚನೆ ಮಾತ್ರ ಹೊಳೆಯಲಿಲ್ಲ. ಶನಿವಾರ ಬೆಳಗ್ಗೆ ಶಿವುವನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ಜಂಬದಿಂದಲೇ ಮೊದಲ ಕತ್ತರಿ ಹಾಕಿದರು. ಉಳಿದದ್ದನ್ನು ಮತ್ತೋಡಿನ ಕಟಿಂಗ್ ಶಾಪಿನವನು ಮುಗಿಸಿದ. ಶಿವು ಬೋಳಾದ ಕತ್ತು ಮುಟ್ಟಿ ಮುಟ್ಟಿ ನೋಡಿಕೊಂಡ. "ಅವ್ವ ಏನಂತಾಳೋ ಸಾ" ಎಂದ.

ಮೇಷ್ಟ್ರು ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ಹಟ್ಟಿಗೆ ಹೋದರು. ಜುಂಜಮ್ಮ ಮಗನ ತಲೆ ನೋಡಿದಳು, ಮೇಷ್ಟ್ರ ಮುಖ ನೋಡಿದಳು. ಪೇಪರಿನಲ್ಲಿ ಸುತ್ತಿ ತಂದಿದ್ದ ಮುಡಿಯನ್ನು ನೆಲಕ್ಕೆ ಬೀಳದಂತೆ ಸೆರಗಿನಲ್ಲಿ ತೆಗೆದುಕೊಂಡಳು. ಬೈಯಲಿಲ್ಲ. ಕಂಬಳಿ ಹಾಸಿ, "ಕುಂತ್ಕಳ್ರಿ ಅಣ್ಣ" ಎಂದಳು. ನಿನ್ನೆ ಸಾ ಅನ್ನುತ್ತಿದ್ದವಳು ಅಣ್ಣ ಅಂದದ್ದು ಕೇಳಿ ಮೇಷ್ಟ್ರಿಗೆ ಒಂದು ಗಳಿಗೆ ಹಿಗ್ಗಾಯಿತು. ಕಾಲಿಗೆ ನೀರು ಕೊಟ್ಟಳು, ಮುದ್ದೆ ಬಡಿಸಿದಳು, ಪೆಟ್ಟಿಗೆಯಿಂದ ಮಡಿಕೆ ಬಿಚ್ಚದ ಒಂದು ಪಂಚೆ ತೆಗೆದು ಎಲೆ ಅಡಿಕೆಯ ಜೊತೆ ಎದುರಿಗಿಟ್ಟಳು. ಇಷ್ಟೆಲ್ಲ ಮಾಡಿದರೂ ಮುಖ ಮಾತ್ರ ಎತ್ತಲಿಲ್ಲ. ಇದು ಸಂತೋಷವೋ ಸಿಟ್ಟೋ ಮೇಷ್ಟ್ರಿಗೆ ಬಗೆಹರಿಯಲಿಲ್ಲ.

"ತಪ್ಪಾಯ್ತೇನಮ್ಮ?"

"ಹುಡುಗ ಸ್ಕೂಲಿಗೆ ಬರ್ತಾನಲ್ಲ, ಬಿಡ್ರಿ." ಎಲೆ ಅಡಿಕೆಯನ್ನು ಪಂಚೆಯ ಮೇಲೆ ಸರಿಯಾಗಿ ಇಟ್ಟಳು. "ಆ ಪಂಚೆ ನಮ್ಮಣ್ಣಂಗೆ ಅಂತ ತಂದಿಟ್ಟಿದ್ದೆ. ನಾನು ಕರಿಯಾಕೆ ಹೋಗಂಗಿಲ್ಲ, ಅವ್ನು ತಾನಾಗಿ ಬರಂಗಿಲ್ಲ. ಮುಡಿ ಇರೋಗಂಟ ಅವ್ನು ಒಂದಲ್ಲ ಒಂದಿನ ಬರಲೇಬೇಕಿತ್ತು. ಅದಕ್ಕೇ ಬೆಳೆಸಿದ್ದೆ."

ಮೇಷ್ಟ್ರು ಗಡಿಬಿಡಿಯಿಂದ ಫೋನ್ ತೆಗೆದರು. "ನಂಬರ್ ಹೇಳಮ್ಮ, ನಾನೇ ಮಾತಾಡ್ತೀನಿ."

"ಏನಂತೀರಿ? ನೀನು ಮಾಡೋ ಕೆಲಸ ನಾನು ಮಾಡಿಬಿಟ್ಟೆ ಅಂತೀರಾ?"

ಫೋನ್ ಮತ್ತೆ ಜೇಬಿಗೆ ಹೋಯಿತು. ಪಂಚೆ ಮುಟ್ಟಿದರೆ ಒಂದು ಪಾಪ, ಬಿಟ್ಟರೆ ಇನ್ನೊಂದು ಪಾಪ ಅನ್ನಿಸಿ ಅವರು ಕೈ ಮುಂದೆ ಚಾಚಿ ಹಾಗೇ ಕೂತರು. ಇಷ್ಟು ನಾಚಿಕೆ ಅವರಿಗೆ ಜೀವಮಾನದಲ್ಲೇ ಆಗಿರಲಿಲ್ಲ.

"ತಗಳ್ರಿ" ಎಂದಳು ಜುಂಜಮ್ಮ, ಈಗ ಮುಖ ಎತ್ತಿ ಅವರನ್ನು ನೋಡಿ. "ಕತ್ರಿ ಹಾಕಿದೋರು ನೀವು. ಇವನ ಮದುವಿಗೆ ಸೋದರಮಾವನ ಜಾಗ್ದಾಗೆ ನೀವೇ ನಿಲ್ಬೇಕು. ಎಲ್ಲಿಗೆ ಟ್ರಾನ್ಸ್‌ಫರ್ ಆಗಿದ್ರೂ ಬರ್ಬೇಕು. ಜಗಳ ಆಡಿದ್ರೂ ಬರ್ಬೇಕು."